ತ್ವಿಲರಿ ಉದ್ಯಾನ ನೋಡುವ ಕ್ರಮ: ಅರಮನೆ ಹೋಗಿ ಅಂಗಳ ಉಳಿದ ಜಾಗ

ಪ್ಯಾರಿಸ್‌ಗೆ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಲೂವ್ರ್ ಮ್ಯೂಸಿಯಂ ಎದುರಿಗೆ ದೊಡ್ಡ ತೋಟ ಇದೆಯಲ್ಲ, ಅದಕ್ಕೆಂದೇ ಹೊತ್ತು ಇಟ್ಟುಕೊಳ್ಳಬೇಕಾ, ಸುಮ್ಮನೆ ದಾಟಿಕೊಂಡು ಹೋದರೆ ಸಾಕಾ? ದಾಟಿಕೊಂಡು ಹೋಗಿ ಬಂದವರ ವರದಿಯೂ ಹೆಚ್ಚುಕಡಿಮೆ ಒಂದೇ: ಅಗಲವಾದ ಬಿಳಿ ದಾರಿ, ಸಾಲಾಗಿ ಕತ್ತರಿಸಿದ ಮರ, ಎರಡು ಕೊಳ, ಮೈತುಂಬ ಧೂಳು.

ಅವರು ಕಂಡದ್ದು ನಿಜವೇ. ನಿಂತ ಜಾಗ ಮಾತ್ರ ತಪ್ಪು. ತ್ವಿಲರಿ ಉದ್ಯಾನವನ್ನು ಮಾಡಿದ್ದು ಒಂದು ಅರಮನೆಯ ಕಿಟಕಿಯಿಂದ ನೋಡಲೆಂದು. ಆ ಅರಮನೆಗೆ 1871ರ ಮೇ ತಿಂಗಳಲ್ಲಿ, ಪ್ಯಾರಿಸ್ ಕಮ್ಯೂನ್ ದಂಗೆಯ ಕೊನೆಯ ದಿನಗಳಲ್ಲಿ ಬೆಂಕಿ ಬಿತ್ತು. ಸುಟ್ಟ ಗೋಡೆಗಳು ಹನ್ನೆರಡು ವರ್ಷ ಹಾಗೇ ನಿಂತಿದ್ದವು. 1883ರಲ್ಲಿ ಅವನ್ನೂ ಕೆಡವಿದರು. ಮನೆ ಹೋಯಿತು, ಅಂಗಳ ಉಳಿಯಿತು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಏನು ನೋಡಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ನಡೆಯಬೇಕು ಎನ್ನುವುದೇ ಹೆಚ್ಚು.

ಹೊರಡುವ ಮುನ್ನ

ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. ಜಾಗ ಸುಮಾರು 25 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 60 ಎಕರೆಗೆ ತುಸು ಮೇಲೆ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಬಿರುಸಾಗಿ ನಡೆದರೆ ಹದಿನೈದು ನಿಮಿಷಕ್ಕೆ ಮುಗಿದುಹೋಗುತ್ತದೆ, ಅದಕ್ಕೇ ಎಲ್ಲರೂ ಮುಗಿಸಿಬಿಡುತ್ತಾರೆ.

ಪ್ರವೇಶಕ್ಕೆ ದುಡ್ಡಿಲ್ಲ, ಬುಕಿಂಗ್ ಇಲ್ಲ. ಗೇಟಿನ ಬಳಿ ಯಾರಾದರೂ ಟಿಕೆಟ್ ಮಾರಲು ಬಂದರೆ ಮುಂದೆ ನಡೆಯಿರಿ. ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ತೆರೆದಿರುತ್ತದೆ. ಏಪ್ರಿಲ್, ಮೇ, ಸೆಪ್ಟೆಂಬರ್‌ನಲ್ಲಿ ರಾತ್ರಿ 9ಕ್ಕೆ ಮುಚ್ಚುತ್ತಾರೆ. ಚಳಿಗಾಲದಲ್ಲಿ 7:30ರಿಂದ ಸಂಜೆ 7:30. ಮುಚ್ಚುವ ಹೊತ್ತಿಗೆ ಮುಂಚೆಯೇ ಕಾವಲಿನವರು ಸೀಟಿ ಊದುತ್ತ ಜನರನ್ನು ಹೊರಗೆ ಕಳಿಸಲು ಶುರುಮಾಡುತ್ತಾರೆ, ಕೊನೆಯ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜೋರು ಗಾಳಿಯ ಎಚ್ಚರಿಕೆ ಬಂದ ದಿನ ಮರಗಳ ಭಯಕ್ಕೆ ಗೇಟನ್ನೇ ಮುಚ್ಚುವುದುಂಟು. ಜುಲೈ 14ರ ರಾಷ್ಟ್ರೀಯ ದಿನದಂದು ಪಕ್ಕದ ಕಾಂಕಾರ್ಡ್ ಚೌಕದಲ್ಲಿ ಸೇನಾ ಪೆರೇಡ್ ಇರುತ್ತದೆ, ಆ ದಿನ ಈ ಕಡೆ ಬರಲೇಬೇಡಿ.

ಕಾಲ ಯಾವುದು ಒಳ್ಳೆಯದು? ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಜೂನ್ ಕೊನೆಯಿಂದ ಆಗಸ್ಟ್ ಕೊನೆವರೆಗೆ ಉತ್ತರದ ಬದಿಯಲ್ಲಿ ರಂಕಲರಾಟೆ, ತಿಂಡಿ ಅಂಗಡಿಗಳ ಜಾತ್ರೆ ಕೂರುತ್ತದೆ. ಮಕ್ಕಳಿದ್ದರೆ ಅದೇ ಹಬ್ಬ, ತೋಟ ನೋಡಲು ಬಂದವರಿಗೆ ಅದೇ ಕಿರಿಕಿರಿ.

ಹೊತ್ತು ಬೆಳಗಿನದೇ ಇರಲಿ, ಎಂಟರಿಂದ ಒಂಬತ್ತರೊಳಗೆ ಶುರುಮಾಡಿ. ನೀವು ಪೂರ್ವದಿಂದ ಪಶ್ಚಿಮಕ್ಕೆ ನಡೆಯುತ್ತೀರಿ, ಬೆಳಿಗ್ಗೆ ಬಿಸಿಲು ಬೆನ್ನಿಗಿರುತ್ತದೆ. ಸಂಜೆ ಇದೇ ದಾರಿ ಹಿಡಿದರೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ, ಬಿಳಿ ನೆಲ ಅದನ್ನು ಇಮ್ಮಡಿ ಮಾಡುತ್ತದೆ, ಫೋಟೊ ಎಲ್ಲ ಕಪ್ಪು ನೆರಳು. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಕತ್ತಲೆ.

ಕಾಲಿಗೆ ಹಳೆಯ ಬೂಟು. ದಾರಿಗೆಲ್ಲ ಸುಣ್ಣಕಲ್ಲಿನ ಪುಡಿ ಬಡಿದು ಕೂರಿಸಿದ್ದಾರೆ. ಒಣಗಿದ ದಿನ ಕಪ್ಪು ಬೂಟು ಹತ್ತು ನಿಮಿಷಕ್ಕೆ ಬೂದಿಬೂದಿ, ಮಳೆ ಬಂದ ದಿನ ಅದೇ ಪುಡಿ ಹಿಟ್ಟಿನಂತೆ ಅಂಟುತ್ತದೆ. ಸೀರೆ ಉಟ್ಟು ಫೋಟೊ ತೆಗೆಸುವ ಆಸೆ ಇದ್ದರೆ ಅಂಚನ್ನು ನಾಲ್ಕು ಬೆರಳು ಮೇಲೆ ಉಡಿ. ಮಗುವಿನ ತಳ್ಳುಗಾಡಿಗೆ ಚಿಕ್ಕ ಚಕ್ರ ಇದ್ದರೆ ಕಷ್ಟ, ದೊಡ್ಡ ಚಕ್ರದ್ದನ್ನೇ ಒಯ್ಯಿರಿ.

ನಾಲ್ಕು ಪದ ಗೊತ್ತಿದ್ದರೆ ಸಾಕು

ಫಲಕಗಳಲ್ಲಿ ಇವೇ ಮತ್ತೆ ಮತ್ತೆ ಬರುತ್ತವೆ. ಪಾರ್ತೇರ್ ಎಂದರೆ ನೆಲಮಟ್ಟದಲ್ಲೇ ಹರಡಿದ ಹುಲ್ಲು, ಹೂಪಾತಿಗಳ ಚಿತ್ತಾರ. ಮೇಲಿನಿಂದ ನೋಡಲೆಂದು ಹಾಸಿದ ಜಮಖಾನ ಅಂದುಕೊಳ್ಳಿ. ಬಾಸ್ಕೆ ಎಂದರೆ ಗೆರೆ ಹೊಡೆದಂತೆ ನೆಟ್ಟ ಮರಗಳ ತೋಪು. ಅಲೆ ನಮ್ಮ ಸಮುದ್ರದ ಅಲೆ ಅಲ್ಲ, ಮರಗಳ ಸಾಲಿನ ನಡುವಿನ ನೇರ ದಾರಿ. ಬಾಸ್ಸಾಂ ಎಂದರೆ ಕಲ್ಲಂಚಿನ ಕೊಳ. ಇವಲ್ಲದೆ ನಡುಗೆರೆ ಎಂಬ ಮಾತನ್ನು ನಾನು ಪದೇ ಪದೇ ಬಳಸುತ್ತೇನೆ. ತೋಟವನ್ನು ಉದ್ದಕ್ಕೆ ಎರಡಾಗಿ ಸೀಳುವ, ಅರಮನೆಯ ನಡುವಿನಿಂದ ಹೊರಟ ಗೆರೆ ಅದು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ ಇರಬೇಕು, ಫ್ರೆಂಚ್ ಶೈಲಿಯ ತೋಟದ ಮೊದಲ ಕಟ್ಟಳೆ ಇದು.

ಹಂತ 1: ಸರಿಯಾದ ನಿಲ್ದಾಣದಲ್ಲಿ ಇಳಿಯಿರಿ

ತ್ವಿಲರಿ ಎಂಬ ಹೆಸರಿನದೇ ಮೆಟ್ರೊ ನಿಲ್ದಾಣವಿದೆ. ಅಲ್ಲಿ ಇಳಿಯಬೇಡಿ. ಅದು ನಿಮ್ಮನ್ನು ತೋಟದ ನಡುಮಧ್ಯಕ್ಕೆ, ಅಡ್ಡಗಡೆಯಿಂದ ನುಗ್ಗಿಸುತ್ತದೆ. ಯಕ್ಷಗಾನಕ್ಕೆ ನಡುರಾತ್ರಿ ಹೋಗಿ ಕೂತಂತೆ, ಯಾರು ಯಾರೆಂದೇ ತಿಳಿಯುವುದಿಲ್ಲ. ಮೆಟ್ರೊ 1 ಅಥವಾ 7ನೇ ಮಾರ್ಗದಲ್ಲಿ ಪಾಲೇ ರೊಯಾಲ್–ಮ್ಯೂಸೆ ದ್ಯು ಲೂವ್ರ್ ನಿಲ್ದಾಣಕ್ಕೆ ಬನ್ನಿ. ಮೆಟ್ರೊ ಟಿಕೆಟ್ ತುಂಬಿಸಿಕೊಳ್ಳುವ ನವಿಗೊ ಈಜಿ ಕಾರ್ಡನ್ನು ಒಬ್ಬರಿಗೆ ಒಂದರಂತೆ ಕೊಳ್ಳಬೇಕು. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಲಾಗದು, ತಪಾಸಣೆಯಲ್ಲಿ ಸಿಕ್ಕರೆ ಅಲ್ಲೇ ದಂಡ.

ಮೇಲೆ ಬಂದು ರಿವೊಲಿ ರಸ್ತೆ ದಾಟಿ, ಎದುರಿನ ರಿಶಲ್ಯು ಹಾದಿಯಲ್ಲಿ ಲೂವ್ರ್ ಕಟ್ಟಡದ ಕೆಳಗೇ ನುಸುಳಿದರೆ ಗಾಜಿನ ಪಿರಮಿಡ್ ಇರುವ ಅಂಗಳ. ಎಲ್ಲರೂ ಪಿರಮಿಡ್ ಕಡೆ ತಿರುಗುತ್ತಾರೆ. ನೀವು ಅದರ ಪಕ್ಕದಲ್ಲಿರುವ, 14ನೇ ಲೂಯಿಯ ಕುದುರೆ ಸವಾರಿಯ ಪ್ರತಿಮೆ ಹುಡುಕಿ. ಅದು ಅಂಗಳದ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಂತಿದೆ. ಕಾರಣ ಉಂಟು. ಲೂವ್ರ್ ಕಟ್ಟಡದ ದಿಕ್ಕೂ ತೋಟದ ನಡುಗೆರೆಯ ದಿಕ್ಕೂ ಒಂದೇ ಅಲ್ಲ, ಸುಮಾರು ಆರು ಡಿಗ್ರಿ ಓರೆ. ಪಿರಮಿಡ್ ಲೂವ್ರ್‌ನ ಲೆಕ್ಕಕ್ಕೆ ಸೇರಿದ್ದು, ರಾಜನ ಕುದುರೆ ತೋಟದ ಗೆರೆಯ ಮೇಲೆ ನಿಂತಿದೆ. ಅದರ ಪಕ್ಕ ನಿಂತು ಪಶ್ಚಿಮಕ್ಕೆ ನೋಡಿ. ಹತ್ತಿರದಲ್ಲಿ ಕಾರುಸೆಲ್ ಕಮಾನು, ಅದರ ನಡುಬಾಗಿಲಿನ ಆಚೆ ಕಾಂಕಾರ್ಡ್ ಚೌಕದ ಕಲ್ಲುಕಂಬ, ಅದರಾಚೆ ದಿಬ್ಬದ ಮೇಲೆ ಆರ್ಕ್ ದ ತ್ರಿಯೋಂಫ್ ಎಂಬ ದೊಡ್ಡ ಕಮಾನು. ಮೂರೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ನೀವು ಇಂದು ನಡೆಯಬೇಕಾದ್ದು ಈ ದಾರದ ಮೇಲೆಯೇ.

ಹಂತ 2: ಕಾರುಸೆಲ್ ಕಮಾನು, ಹತ್ತು ನಿಮಿಷ ಸಾಕು

1806ರಿಂದ 1808ರೊಳಗೆ ನೆಪೋಲಿಯನ್ ಕಟ್ಟಿಸಿದ ಈ ಕಮಾನು ತ್ವಿಲರಿ ಅರಮನೆಯ ಹೆಬ್ಬಾಗಿಲಾಗಿತ್ತು. ಈಗ ಬಾಗಿಲು ಮಾತ್ರ ಇದೆ. ಮೇಲಿದ್ದ ನಾಲ್ಕು ಕಂಚಿನ ಕುದುರೆಗಳು ವೆನಿಸ್‌ನ ಸಂತ ಮಾರ್ಕ್ ಚರ್ಚಿನಿಂದ ಹೊತ್ತು ತಂದವು, 1815ರಲ್ಲಿ ಅವನ್ನು ಹಿಂದಿರುಗಿಸಬೇಕಾಯಿತು. ಈಗಿರುವುದು ಆಮೇಲೆ ಮಾಡಿ ಕೂರಿಸಿದ್ದು.

ಕಮಾನು ದಾಟಿದರೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಹಸಿರು ಬೇಲಿಗಳ ಸಾಲು. ಇದು ಯೂ ಎಂಬ ಸೂಜಿ ಎಲೆಯ ಗಿಡ. ಅದರ ಎಲೆ, ಬೀಜ ವಿಷ, ಮಕ್ಕಳು ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಬೇಲಿಗಳ ನಡುವೆ ಅರಿಸ್ಟಿಡ್ ಮಾಯೋಲ್ ಎಂಬ ಶಿಲ್ಪಿಯ ಕಂಚಿನ ಹೆಣ್ಣುಗಳು. 1960ರ ದಶಕದಲ್ಲಿ, ಆಂದ್ರೆ ಮಾಲ್ರೊ ಸಂಸ್ಕೃತಿ ಮಂತ್ರಿಯಾಗಿದ್ದಾಗ ಇಲ್ಲಿಗೆ ಬಂದವು.

ಮೋಸಗಾರರ ಕಾಟ ಹೆಚ್ಚಿರುವುದೂ ಇದೇ ಜಾಗದಲ್ಲಿ. ಎರಡು ಬಗೆ ನೆನಪಿಡಿ. ಕೈಯಲ್ಲಿ ರಟ್ಟು ಹಿಡಿದು ಸಹಿ ಕೇಳುವ ಹುಡುಗಿಯರು: ಸಹಿ ಹಾಕಲು ನೀವು ತಲೆ ತಗ್ಗಿಸಿದಾಗ ಇನ್ನೊಬ್ಬರ ಕೈ ನಿಮ್ಮ ಬ್ಯಾಗಿಗೆ. ಇನ್ನೊಂದು, ನಿಮ್ಮ ಕಾಲ ಬಳಿ ಬಗ್ಗಿ "ಚಿನ್ನದ ಉಂಗುರ ಸಿಕ್ಕಿತು, ನಿಮ್ಮದಾ" ಎಂದು ಕೇಳುವುದು, ಉಂಗುರ ಹಿತ್ತಾಳೆ. ಉತ್ತರ ಕೊಡಬೇಕಿಲ್ಲ, ನಿಲ್ಲಬೇಕಿಲ್ಲ. ಪಾಸ್‌ಪೋರ್ಟನ್ನು ಹಿಂಜೇಬಿನಲ್ಲಂತೂ ಇಡಲೇಬೇಡಿ.

ಹಂತ 3: ಇಲ್ಲದ ಅರಮನೆಯ ಕಿಟಕಿಯಲ್ಲಿ ನಿಲ್ಲಿ

ಇಡೀ ನಡಿಗೆಯಲ್ಲಿ ತಪ್ಪಿಸಬಾರದ ಹಂತ ಇದೊಂದೇ.

ಕಾರುಸೆಲ್ ಬೇಲಿಗಳು ಮುಗಿಯುವಲ್ಲಿ ನಿಂತು ಎಡಕ್ಕೆ ನೋಡಿ. ಸೇನ್ ನದಿಯ ಕಡೆ ಲೂವ್ರ್‌ನ ಒಂದು ತೋಳು ಎತ್ತರದ ಕಟ್ಟಡದಲ್ಲಿ ಮುಗಿಯುತ್ತದೆ, ಅದು ಫ್ಲೋರ್ ಪೆವಿಲಿಯನ್. ಬಲಕ್ಕೆ ರಿವೊಲಿ ರಸ್ತೆಯ ಕಡೆ ಅದರ ಜೋಡಿ, ಮಾರ್ಸಾಂ ಪೆವಿಲಿಯನ್. ಎರಡರ ನಡುವೆ ಮನಸ್ಸಿನಲ್ಲೇ ಒಂದು ಹಗ್ಗ ಕಟ್ಟಿ. ಆ ಹಗ್ಗದುದ್ದಕ್ಕೂ ಅರಮನೆ ಇತ್ತು. ರಾಣಿ ಕ್ಯಾಥರೀನ್ ದ ಮೆಡಿಚಿ 1564ರಲ್ಲಿ ಕಟ್ಟಿಸಲು ಶುರುಮಾಡಿದಾಗ ಇದು ಊರಗೋಡೆಯ ಹೊರಗಿನ ಜಾಗ, ಹಂಚು ಸುಡುವ ಆವಿಗೆಗಳು ಇದ್ದವು. ಫ್ರೆಂಚಿನಲ್ಲಿ ಹಂಚಿಗೆ ತ್ವೀಲ್ ಎನ್ನುತ್ತಾರೆ, ತ್ವಿಲರಿ ಎಂದರೆ ಹಂಚಿನ ಭಟ್ಟಿ. ರಾಜರ ತೋಟಕ್ಕೆ ಕುಂಬಾರರ ಹೆಸರು ಉಳಿದುಬಿಟ್ಟಿತು.

ಈಗ ಮುಂದಿನ ಎತ್ತರದ ಜಗಲಿಯಂಥ ಜಾಗ ಹತ್ತಿ, ಅದರ ಕೆಳಗೆ ವಾಹನಗಳ ಸುರಂಗ ರಸ್ತೆ ಹಾದುಹೋಗುತ್ತದೆ. ತೋಟಕ್ಕೆ ಇಳಿಯುವ ಮುನ್ನ ನಡುಗೆರೆಯ ಮೇಲೆ ಸರಿಯಾಗಿ ನಿಂತುಕೊಳ್ಳಿ. ಸರಿಯಾಗಿ ಎಂದರೆ ಕಾಂಕಾರ್ಡಿನ ಕಲ್ಲುಕಂಬ ದೂರದ ಕಮಾನಿನ ಬಾಗಿಲಿನ ಮಧ್ಯಕ್ಕೆ ಬರಬೇಕು. ಎರಡು ಹೆಜ್ಜೆ ಎಡಕ್ಕೆ ಸರಿದರೆ ಕಂಬ ಬಾಗಿಲಿನ ಮಧ್ಯದಿಂದ ಜಾರುತ್ತದೆ, ಸರಿದು ನೋಡಿ, ಆಮೇಲೆ ವಾಪಸ್ ಬನ್ನಿ.

ಇಲ್ಲಿಂದ ಎರಡು ಕೊಳ ಕಾಣುತ್ತವೆ. ಹತ್ತಿರದ್ದು ದುಂಡು. ತೋಪುಗಳ ನಡುವಿನ ದಾರಿಯ ಆಚೆ ತುದಿಯಲ್ಲಿ ಬೆಳ್ಳಿಯ ಪಟ್ಟಿಯಂತೆ ಮಿನುಗುವುದು ಎಂಟು ಮೂಲೆಯದ್ದು. ಒಂದು ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಮೊದಲ ಕೊಳದ ಅಗಲ ಹಿಡಿಯಿರಿ, ಆಮೇಲೆ ಎರಡನೆಯದ್ದನ್ನು. ಅಷ್ಟು ದೂರಕ್ಕೆ ಎಷ್ಟು ಕುಗ್ಗಬೇಕಿತ್ತೋ ಅಷ್ಟು ಕುಗ್ಗಿರುವುದಿಲ್ಲ. ಕಣ್ಣು ಅದನ್ನು ಹತ್ತಿರದ್ದು ಎಂದೇ ಎಣಿಸುತ್ತದೆ. 14ನೇ ಲೂಯಿಯ ತೋಟಗಾರ ಆಂದ್ರೆ ಲ ನೋತ್ರ್ ಮಾಡಿದ ಉಪಾಯ ಇದು. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ ಎಂದು ಗೊತ್ತಿದ್ದ ಆತ ದೂರದ ಕೊಳವನ್ನು ಮೊದಲೇ ದೊಡ್ಡದು ಮಾಡಿಬಿಟ್ಟ. ಅರಮನೆಯ ಮಹಡಿಯಿಂದ ನೋಡಿದ ರಾಜನಿಗೆ ಇಡೀ ತೋಟ ಕೈಗೆಟುಕುವಷ್ಟು ಹತ್ತಿರ, ಒಂದೇ ನೋಟಕ್ಕೆ ಸಿಕ್ಕುವಂತೆ ಕಾಣಬೇಕಿತ್ತು.

ಲ ನೋತ್ರ್‌ನ ತಾತ, ಅಪ್ಪ ಇಬ್ಬರೂ ಇದೇ ತೋಟದ ಮಾಲಿಗಳು. 1664ರಲ್ಲಿ ಮಗನ ಕೈಗೆ ಇದನ್ನು ಹೊಸದಾಗಿ ರೂಪಿಸುವ ಕೆಲಸ ಬಂತು. ಅವನು ಮಾಡಿದ ದೊಡ್ಡ ಕೆಲಸ ತೋಟದ ಒಳಗಿನದ್ದಲ್ಲ. ಪಶ್ಚಿಮದ ತುದಿಯನ್ನು ಬಿಚ್ಚಿ, ನಡುಗೆರೆಯನ್ನು ಆಚೆಯ ಬಯಲಿಗೆ ಎಳೆದ. ಅದೇ ಇವತ್ತಿನ ಶಾಂಜ್ ಎಲಿಸೆ ರಸ್ತೆ.

ಸಾಮಾನ್ಯ ತಪ್ಪು: ಜನ ಈ ಜಗಲಿಯನ್ನು ದಾಟುದಾರಿ ಎಂದುಕೊಂಡು ಫೋನ್ ನೋಡುತ್ತ ಇಳಿದುಬಿಡುತ್ತಾರೆ. ಐದು ನಿಮಿಷ ನಿಲ್ಲಿ. ಕೆಳಗೆ ಇಳಿದ ಮೇಲೆ ಈ ನೋಟ ಮತ್ತೆ ಸಿಗುವುದಿಲ್ಲ.

ಹಂತ 4: ದೊಡ್ಡ ಚೌಕ, ಪಾರ್ತೇರ್ ಪಾತಿಗಳು

ಇಳಿದ ಕೂಡಲೇ ಬಯಲು. ಹುಲ್ಲಿನ ಅಂಕಣಗಳ ಸುತ್ತ ಸಪೂರ ಹೂಪಾತಿ. ಇಲ್ಲಿ ಮರ ಬೇಕೆಂದೇ ನೆಟ್ಟಿಲ್ಲ, ಅರಮನೆಯ ಎದುರು ಜಮಖಾನ, ಆಮೇಲೆ ತೋಪು ಎನ್ನುವುದು ಕ್ರಮ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಇಲ್ಲಿ ನೆರಳೇ ಇಲ್ಲ, ಟೋಪಿ ಇರಲಿ.

ಹೂಪಾತಿಯನ್ನು ವರ್ಷಕ್ಕೆ ಎರಡು ಸಲ ಬದಲಿಸುತ್ತಾರೆ. ಶರತ್ಕಾಲದಲ್ಲಿ ಟುಲಿಪ್ ಮುಂತಾದ ಗಡ್ಡೆ ನೆಟ್ಟರೆ ವಸಂತಕ್ಕೆ ಅರಳುತ್ತವೆ. ಮೇ ತಿಂಗಳಲ್ಲಿ ಅವನ್ನು ಕಿತ್ತು ಬೇಸಿಗೆಯ ಸಸಿ ಹಾಕುತ್ತಾರೆ. "ಮೇನಲ್ಲಿ ಹೋದೆವು, ಬರೀ ಮಣ್ಣು" ಎಂದು ದೂರುವವರು ಈ ಬದಲಾವಣೆಯ ವಾರಕ್ಕೆ ಸಿಕ್ಕಿಬಿದ್ದವರು. ಟುಲಿಪ್ ನೋಡಬೇಕೆಂದಿದ್ದರೆ ಏಪ್ರಿಲ್ ಎರಡನೇ ಅರ್ಧಕ್ಕೆ ಬನ್ನಿ.

ಹುಲ್ಲಿನ ಮೇಲೆ ಕಾಲಿಡುವ ಮುನ್ನ ಫಲಕ ನೋಡಿ. ಪೆಲೂಸ್ ಓ ರೆಪೊ ಎಂದಿದ್ದರೆ ಹುಲ್ಲು ವಿಶ್ರಾಂತಿಯಲ್ಲಿದೆ ಎಂದು ಅರ್ಥ, ಬೇರೂರಲು ಬಿಟ್ಟಿದ್ದಾರೆ. ಕಾಲಿಟ್ಟರೆ ಸೀಟಿ ಕೇಳುತ್ತದೆ.

ದುಂಡು ಕೊಳದ ಬಳಿ ಬಂದಾಗ ಒಂದು ಕೆಲಸ: ಕಲ್ಲಂಚಿನ ಉದ್ದಕ್ಕೂ ಒಂದು ಸುತ್ತು ಬಂದು ಹೆಜ್ಜೆ ಎಣಿಸಿ, ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ. 1783ರ ಡಿಸೆಂಬರ್ 1ರಂದು ಜಾಕ್ ಶಾರ್ಲ್ ಮತ್ತು ನಿಕೊಲಾ ಲೂಯಿ ರೊಬೇರ್ ಹೈಡ್ರೋಜನ್ ತುಂಬಿದ ಬಲೂನಿನಲ್ಲಿ ಕೂತು ಹಾರಿದ್ದು ಈ ತೋಟದಿಂದ, ಹೈಡ್ರೋಜನ್ ಬಲೂನಿನಲ್ಲಿ ಮನುಷ್ಯರು ಮೇಲೇರಿದ್ದು ಅದೇ ಮೊದಲು. 2024ರ ಒಲಿಂಪಿಕ್ಸ್ ಜ್ಯೋತಿಯನ್ನು ಬಲೂನಿಗೆ ಕಟ್ಟಿ ಈ ತೋಟದಲ್ಲೇ ಮೇಲೇರಿಸಿದ್ದರ ಹಿಂದೆ ಆ ನೆನಪಿದೆ. ಆ "ಜ್ವಾಲೆ"ಯಲ್ಲಿ ಬೆಂಕಿ ಇರಲಿಲ್ಲ, ದೀಪದ ಬೆಳಕು ಮತ್ತು ನೀರಿನ ಮಂಜು ಅಷ್ಟೇ. 2025ರ ಬೇಸಿಗೆಯಲ್ಲೂ ಅದನ್ನು ಮತ್ತೆ ತಂದರು. ಬಲೂನ್ ಹಾರುವ ಸಂಜೆಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇನ್ನೊಂದು ತಾರೀಖು ಮೈಸೂರಿನವರಿಗೆಂದೇ. ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳನ್ನು 16ನೇ ಲೂಯಿ ವರ್ಸೇ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರಿಗೆ ಅದು ಸಿಗಲಿಲ್ಲ. ಮುಂದಿನ ವರ್ಷ ಕ್ರಾಂತಿಯ ಜನ ರಾಜನನ್ನು ವರ್ಸೇಯಿಂದ ಎಬ್ಬಿಸಿ ಈ ತ್ವಿಲರಿ ಅರಮನೆಗೆ ತಂದು ಕೂರಿಸಿದರು. ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಜನ ಇಲ್ಲಿಗೂ ನುಗ್ಗಿದರು. ರಾಜ ಕುಟುಂಬದೊಂದಿಗೆ ಈ ತೋಟವನ್ನು ದಾಟಿ ಶಾಸನಸಭೆಗೆ ಹೋಗಿ ಆಶ್ರಯ ಕೇಳಿದ. ಕಾವಲಿದ್ದ ನೂರಾರು ಸ್ವಿಸ್ ಸೈನಿಕರು ಹತರಾದರು.

ಹಂತ 5: ತೋಪುಗಳು

ನಡುದಾರಿಯಲ್ಲೇ ನೆಟ್ಟಗೆ ಹೋಗಬೇಡಿ. ಇಲ್ಲಿಂದ ಕೊಳದವರೆಗೆ ಎಡಗಡೆಯ, ಅಂದರೆ ನದಿ ಕಡೆಯ ತೋಪಿನೊಳಗೆ ಹೊಕ್ಕು ನಡೆಯಿರಿ. ತೋಪಿನಲ್ಲಿ ಹೆಚ್ಚಿರುವುದು ಕುದುರೆ ಚೆಸ್ಟ್‌ನಟ್ ಮತ್ತು ಲಿಂಡನ್ ಮರ. ಯಾವ ಮೂಲೆಯಲ್ಲಿ ನಿಂತರೂ ಕಾಂಡಗಳು ಸಾಲಾಗಿ, ಓರೆಯಾಗಿ ನೋಡಿದರೂ ಸಾಲಾಗಿ ಸಿಗುತ್ತವೆ. ಅಡಿಕೆ ತೋಟದಲ್ಲಿ ಓಡಾಡಿದವರಿಗೆ ಈ ಆಟ ಹೊಸದಲ್ಲ. ದಾರಿಯ ಅಂಚಿನ ಕೊಂಬೆಗಳನ್ನು ಗೋಡೆಯಂತೆ ನೇರ ಕತ್ತರಿಸಿರುವುದನ್ನು ಗಮನಿಸಿ. ಒಳಗಡೆಗೆ ಮರ ತನ್ನ ಪಾಡಿಗೆ ಹರಡಿದೆ, ಹೊರಮೈ ಮಾತ್ರ ಶಿಸ್ತು.

ಈ ಮರದ ವಿಷಯದಲ್ಲಿ ಎರಡು ಎಚ್ಚರ. ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಮುಳ್ಳು ಸಿಪ್ಪೆ ಒಡೆದು ಹೊಳೆಯುವ ಕಂದು ಬೀಜ ನೆಲದ ತುಂಬ ಉದುರಿರುತ್ತದೆ. ಬೀದಿಯಲ್ಲಿ ಸುಟ್ಟು ಮಾರುವ ಚೆಸ್ಟ್‌ನಟ್ ಇದೇ ಎಂದು ಆರಿಸಿಕೊಂಡು ತಿನ್ನಬೇಡಿ. ತಿನ್ನುವ ಜಾತಿಯೇ ಬೇರೆ, ಇದು ಹೊಟ್ಟೆ ಕೆಡಿಸುವ ವಿಷ. ಗುರುತು ಸುಲಭ: ತಿನ್ನುವ ಕಾಯಿಗೆ ಒಂದು ತುದಿ ಚೂಪು, ಸಿಪ್ಪೆಯ ಮುಳ್ಳು ಕೂದಲಿನಂತೆ ದಟ್ಟ. ಇದು ಗೋಲಿಯಂತೆ ದುಂಡು, ಸಿಪ್ಪೆಯ ಮೇಲೆ ಮುಳ್ಳು ವಿರಳ. ಫ್ರೆಂಚರು ಇದನ್ನು ಮಾರೋಂ ದ್ಯಾಂದ್, ಇಂಡಿಯಾದ ಚೆಸ್ಟ್‌ನಟ್ ಎನ್ನುತ್ತಾರೆ. ಮರ ಬಂದದ್ದು ಬಾಲ್ಕನ್ ಬೆಟ್ಟಗಳಿಂದ, ನಮಗೂ ಅದಕ್ಕೂ ನಂಟಿಲ್ಲ.

ಎರಡನೆಯದು, ಆಗಸ್ಟ್‌ನಲ್ಲಿ ಎಲೆಗಳೆಲ್ಲ ಕಂದಾಗಿ ಮುರುಟಿರುವುದು ಕಂಡು ನೀರು ಹಾಕುತ್ತಿಲ್ಲವೇನೋ ಎಂದುಕೊಳ್ಳಬೇಡಿ. ಎಲೆಯ ಎರಡು ಪದರಗಳ ನಡುವೆ ಕೊರೆದು ತಿನ್ನುವ ಪುಟ್ಟ ಹುಳುವಿನ ಕೆಲಸ ಅದು, ಯುರೋಪಿನ ಉದ್ದಗಲಕ್ಕೂ ಇದೆ. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರೆ ಕಂದು ಕಲೆಯೊಳಗೆ ಹುಳು ತಿಂದ ಸುರಂಗ, ಕೆಲವೊಮ್ಮೆ ಹುಳುವೇ ಕಾಣುತ್ತದೆ. ಬಿದ್ದ ಎಲೆಯಲ್ಲೇ ಕೋಶ ಚಳಿಗಾಲ ಕಳೆಯುವುದರಿಂದ ಎಲೆ ಗುಡಿಸಿ ಒಯ್ಯುವುದೇ ಸುಲಭದ ಮದ್ದು.

ತೋಪಿನಲ್ಲಿ ಬುಡಸಮೇತ ಕಿತ್ತು ಬಿದ್ದ ದೊಡ್ಡ ಮರವೊಂದು ಕಂಡರೆ, ಗಾಳಿಗೆ ಬಿದ್ದದ್ದು ಎಂದು ಮುಂದೆ ಹೋಗುವ ಮುನ್ನ ಮುಟ್ಟಿ ನೋಡಿ. ತಣ್ಣಗಿದ್ದರೆ ಅದು ಕಂಚು. ಇಟಲಿಯ ಜ್ಯುಸೆಪ್ಪೆ ಪೆನೋನೆ 1999ರಲ್ಲಿ ಎರಕ ಹೊಯ್ದ ಓಕ್ ಮರ ಅದು. ಅದರ ಕೊಂಬೆಗಳು ನೆಲ ತಾಗುವಲ್ಲಿ ನಿಜದ ಗಿಡಗಳನ್ನು ನೆಟ್ಟಿದ್ದಾರೆ.

ಹಂತ 6: ಎಂಟು ಮೂಲೆಯ ಕೊಳ, ಇಲ್ಲಿ ಕೂರಿ

ತೋಪಿನಿಂದ ಹೊರಬಂದರೆ ಅಷ್ಟಕೋನದ ಕೊಳ. ಮತ್ತೆ ಹೆಜ್ಜೆ ಎಣಿಸಿ ಒಂದು ಸುತ್ತು ಬನ್ನಿ. ಮೊದಲಿನ ಸಂಖ್ಯೆಗೆ ಹೋಲಿಸಿ ನೋಡಿ. ಜಗಲಿಯ ಮೇಲೆ ಕಣ್ಣು ಹೇಳಿದ ಸುಳ್ಳನ್ನು ಕಾಲು ಹಿಡಿದುಕೊಡುತ್ತದೆ.

ಈಗ ಕುರ್ಚಿ. ಕೊಳದ ಸುತ್ತ ಹಸಿರು ಬಣ್ಣದ ಕಬ್ಬಿಣದ ಕುರ್ಚಿಗಳು ಹರಡಿವೆ, ಎರಡು ಬಗೆ: ನೇರ ಬೆನ್ನಿನವು ಮತ್ತು ಹಿಂದಕ್ಕೆ ವಾಲಿದವು. ಬಾಡಿಗೆ ಇಲ್ಲ, ಎಲ್ಲಿಗೆ ಬೇಕಾದರೂ ಎಳೆದುಕೊಳ್ಳಬಹುದು. ಎಳೆಯುವುದು ಅಲ್ಲಿನ ರೂಢಿ, ಜಲ್ಲಿಯ ಮೇಲೆ ಕಬ್ಬಿಣದ ಕಾಲು ಕರಕರ ಎನ್ನುವ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ವಾಲಿದ ಕುರ್ಚಿಗಳು ಬಿಸಿಲು ಬಂದ ದಿನ ಹನ್ನೊಂದರ ಹೊತ್ತಿಗೆ ಮುಗಿದುಹೋಗಿರುತ್ತವೆ. ವಯಸ್ಸಾದವರಿಗೆ ನೇರ ಬೆನ್ನಿನದೇ ಒಳ್ಳೆಯದು, ವಾಲಿದ್ದರಿಂದ ಏಳಲು ಮಂಡಿಗೆ ಬಲ ಬೇಕು. ಬ್ಯಾಗನ್ನು ಬೆನ್ನಿಗೆ ತೂಗುಹಾಕಬೇಡಿ, ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಕೂರಿ.

ತಿಂಡಿ ಕಟ್ಟಿಕೊಂಡು ಬಂದಿದ್ದರೆ ಇಲ್ಲೇ ತಿನ್ನಬಹುದು, ಕಸ ಬುಟ್ಟಿಗೆ. ತೋಟದ ಅಂಗಡಿಗಳಲ್ಲಿ ಕೊಳ್ಳುವ ಸಸ್ಯಾಹಾರಿಗಳಿಗೆ ಕೆಲವು ಪದ: ಜಾಂಬೋಂ ಮತ್ತು ಲಾರ್ದೋಂ ಎಂದರೆ ಹಂದಿ ಮಾಂಸ, ತೋಂ ಎಂದರೆ ಟ್ಯೂನಾ ಮೀನು. ಕ್ರೇಪ್ ಎಂಬ ತೆಳು ದೋಸೆಯ ಹಿಟ್ಟಿಗೆ ಮೊಟ್ಟೆ ಹಾಕಿಯೇ ಇರುತ್ತಾರೆ, ಮೊಟ್ಟೆ ತಿನ್ನದವರು ಅದನ್ನು ಬಿಡಿ. ಮಾಂಸ ಬೇಡ ಎನ್ನಲು "ಸಾಂ ವಿಯಾಂದ್" ಎಂದರೆ ಸಾಕು. ನಲ್ಲಿ ನೀರು ಕುಡಿಯಲು ಯೋಗ್ಯ, ಖಾಲಿ ಬಾಟಲಿ ಜೊತೆಗಿರಲಿ. ಶೌಚಾಲಯಕ್ಕೆ ಸಾಲು ಉದ್ದ, ಮ್ಯೂಸಿಯಂ ಒಳಗೆ ಹೋಗುವ ಯೋಚನೆ ಇದ್ದರೆ ಅಲ್ಲಿಯದೇ ವಾಸಿ.

ಕೂತ ಮೇಲೆ ಬಂದ ದಿಕ್ಕಿಗೆ, ಪೂರ್ವಕ್ಕೆ ಮುಖ ಮಾಡಿ. ತೋಟ ಇದ್ದಕ್ಕಿದ್ದಂತೆ ಉದ್ದವಾಗಿರುತ್ತದೆ. ದೊಡ್ಡ ಕೊಳ ಈಗ ನಿಮ್ಮ ಕಾಲ ಬಳಿ, ಚಿಕ್ಕದು ದೂರದಲ್ಲಿ. ಲ ನೋತ್ರ್‌ನ ಉಪಾಯ ತಿರುಗುಮುರುಗಾಗಿ, ದೂರವನ್ನು ಇನ್ನಷ್ಟು ದೂರ ತಳ್ಳುತ್ತದೆ. ಕಾಂಕಾರ್ಡ್ ಕಡೆಯಿಂದ ನಡಿಗೆ ಶುರುಮಾಡಿದವರಿಗೆ ತೋಟ ಮುಗಿಯುವುದೇ ಇಲ್ಲ ಅನ್ನಿಸಿ ಕಾಲು ಸೋಲುವುದು ಇದರಿಂದಲೂ ಹೌದು. ಲೆಕ್ಕ ಒಂದೇ ದಿಕ್ಕಿಗೆ ಕೂಡುತ್ತದೆ, ಆ ದಿಕ್ಕು ಕಿಟಕಿಯದ್ದು. ಕಿಟಕಿ ಇರಬೇಕಾದ ಕಡೆ ಫ್ಲೋರ್ ಮತ್ತು ಮಾರ್ಸಾಂ ಎರಡು ಬದಿಗೆ ನಿಂತಿವೆ, ನಡುವೆ ಆಕಾಶ.

ಹಂತ 7: ಇಳಿಜಾರು ದಾರಿ, ಮೇಲಿನ ಜಗಲಿಗಳು

ಕೊಳದ ಪಶ್ಚಿಮಕ್ಕೆ ಎರಡು ಬದಿಯಿಂದಲೂ ಕುದುರೆ ಲಾಳದಂತೆ ಬಾಗಿ ಮೇಲೇರುವ ದಾರಿಗಳಿವೆ. ಮೆಟ್ಟಿಲಿಲ್ಲ, ಗಾಲಿಕುರ್ಚಿಯೂ ಹೋಗುತ್ತದೆ. ಎಡದ್ದನ್ನು ಹತ್ತಿದರೆ ನದಿದಂಡೆಯ ಜಗಲಿ, ಎದುರಿಗೆ ಸೇನ್, ಆಚೆ ದಡದಲ್ಲಿ ಎರಡು ದೊಡ್ಡ ಗಡಿಯಾರಗಳ ಓರ್ಸೆ ಮ್ಯೂಸಿಯಂ. 1900ರಲ್ಲಿ ರೈಲು ನಿಲ್ದಾಣವಾಗಿ ಕಟ್ಟಿದ್ದು ಅದು. ಬಲದ ಕಡೆಯದ್ದು ಫೊಯ್ಯಾಂ ಜಗಲಿ, ರಿವೊಲಿ ರಸ್ತೆಯ ಪಕ್ಕದ್ದು. ಹೊತ್ತು ಕಡಿಮೆ ಇದ್ದರೆ ನದಿಯದ್ದನ್ನೇ ಆರಿಸಿ.

ಕಾಂಕಾರ್ಡ್ ಕಡೆಯ ಗೇಟಿನ ಎರಡು ಕಂಬಗಳ ಮೇಲೆ ರೆಕ್ಕೆಯ ಕುದುರೆಗಳು. ಕ್ವಾಸ್ವೋ ಎಂಬ ಶಿಲ್ಪಿ ಮಾರ್ಲಿ ಅರಮನೆಗೆಂದು ಕೆತ್ತಿದ್ದು, 1719ರಲ್ಲಿ ಇಲ್ಲಿಗೆ ಬಂದವು. ಈಗ ಇಲ್ಲಿರುವುದು ನಕಲು, ಮೂಲ ಲೂವ್ರ್ ಒಳಗಿನ ಮಾರ್ಲಿ ಅಂಗಳದಲ್ಲಿ ಮಳೆ ತಗುಲದಂತೆ ಇದೆ. ಇದೇ ಗೇಟಿನಲ್ಲಿ ಯಾರನ್ನು ಒಳಗೆ ಬಿಡಬೇಕು ಎಂಬ ಜಗಳವೂ ನಡೆದಿತ್ತು. ತೋಟ ಹೊಸದಾದ ಮೇಲೆ ಮಂತ್ರಿ ಕೋಲ್ಬೇರ್ ಅದನ್ನು ರಾಜನಿಗಷ್ಟೇ ಮೀಸಲಿಡಲು ಹೊರಟಿದ್ದ. ಸಿಂಡ್ರೆಲಾ ಕಥೆ ಬರೆದ ಶಾರ್ಲ್ ಪೆರೊ ಅವನ ಕೈಕೆಳಗಿನ ಅಧಿಕಾರಿ, ವಾದಿಸಿ ಜನರಿಗೆ ಬಿಡಿಸಿದ. 1667ರಿಂದ ಜನ ಬರತೊಡಗಿದರು. ಎಲ್ಲ ಜನ ಅಲ್ಲ: ಭಿಕ್ಷುಕರು, ಆಳುಗಳು, ಸಿಪಾಯಿಗಳಿಗೆ ಬಾಗಿಲು ಮುಚ್ಚಿತ್ತು.

ಹಂತ 8: ಒರಾಂಜರಿ, ಮತ್ತು ಹೊರಗೆ

ಗೇಟಿಗೆ ಬೆನ್ನು ಹಾಕಿ ನಿಂತರೆ ಬಲಕ್ಕೆ ಒರಾಂಜರಿ, ಎಡಕ್ಕೆ ಝು ದ ಪೋಮ್ ಎಂಬ ಕಲಾ ಗ್ಯಾಲರಿ. ಎರಡೂ ಹೊರನೋಟಕ್ಕೆ ಅವಳಿ, ನಡುಗೆರೆಯ ಕಟ್ಟಳೆ ಇಲ್ಲಿಯೂ ಬಿಟ್ಟಿಲ್ಲ. ಮೊದಲನೆಯದನ್ನು 1852ರಲ್ಲಿ ಕಟ್ಟಿದ್ದು ಕಿತ್ತಳೆ ಮರಗಳಿಗೆ ಚಳಿಗಾಲದ ಆಸರೆಯಾಗಿ. ಈಗ ಅಲ್ಲಿ ಕ್ಲೋದ್ ಮೊನೆ ಎಂಬ ಚಿತ್ರಕಾರನ ನೈದಿಲೆ ಚಿತ್ರಗಳಿವೆ: ಎರಡು ಅಂಡಾಕಾರದ ಕೋಣೆ, ಎಂಟು ಚಿತ್ರ, ಒಂದೊಂದೂ ಎರಡು ಮೀಟರ್ ಎತ್ತರ. ಮೊನೆ ಸತ್ತ ಮರುವರ್ಷ, 1927ರಲ್ಲಿ ತೆರೆದದ್ದು. ಬೆಳಕು ಮೇಲಿನ ಚಾವಣಿಯಿಂದ ಬರುವುದರಿಂದ ಮೋಡ ಸರಿದಾಗಲೆಲ್ಲ ನೀರಿನ ಬಣ್ಣ ಬದಲಾಗುತ್ತದೆ, ನಡುವಿನ ಬೆಂಚಿನಲ್ಲಿ ಕೂತು ಅದಕ್ಕೆ ಕಾಯಿರಿ. ಟಿಕೆಟನ್ನು ಸಮಯದ ಜೊತೆ ಮುಂಚೆಯೇ ಬುಕ್ ಮಾಡಿ, ಬೆಳಿಗ್ಗೆ ಎಂಟೂವರೆಗೆ ನಡಿಗೆ ಶುರುವಾದರೆ ಹನ್ನೊಂದೂವರೆಯ ಸ್ಲಾಟ್ ಸರಿಹೋಗುತ್ತದೆ. ಹೊರಗಡೆ ರೊದಾಂ ಎಂಬ ಶಿಲ್ಪಿಯ ಕಂಚಿನ "ಚುಂಬನ" ಟಿಕೆಟ್ ಇಲ್ಲದೆಯೇ ಸಿಗುತ್ತದೆ.

ದಿನ ಆರಿಸುವಾಗ ಈ ಗೊಂದಲ ಬೇಡ: ಲೂವ್ರ್ ಮತ್ತು ಒರಾಂಜರಿಗೆ ಮಂಗಳವಾರ ರಜೆ, ಓರ್ಸೆ ಮತ್ತು ಝು ದ ಪೋಮ್‌ಗೆ ಸೋಮವಾರ ರಜೆ. ತೋಟದ ಜೊತೆ ಬೇರೆ ಏನನ್ನೂ ನೋಡುವುದಿಲ್ಲ ಎನ್ನುವವರಿಗೆ ಮಂಗಳವಾರವೇ ಒಳ್ಳೆಯದು, ಲೂವ್ರ್ ಕಡೆಯ ಗುಂಪು ಅರ್ಧಕ್ಕರ್ಧ ಇಳಿದಿರುತ್ತದೆ.

ಮುಂದೆ ಓರ್ಸೆಗೆ ಹೋಗುವವರು ನದಿದಂಡೆಯ ಬದಿಗೆ ಬಂದು ಸೆಂಗೋರ್ ಹೆಸರಿನ ಕಾಲುಸೇತುವೆ ಹಿಡಿಯಿರಿ, ಆಚೆ ದಡದಲ್ಲಿ ಮ್ಯೂಸಿಯಂ ಬಾಗಿಲೇ ಸಿಗುತ್ತದೆ. ಉಳಿದವರು ಕಾಂಕಾರ್ಡ್ ಗೇಟಿನಿಂದ ಹೊರಬಂದರೆ ಮೆಟ್ರೊ 1, 8, 12. ಚೌಕದ ನಡುವಿನ ಕಲ್ಲುಕಂಬ ಈಜಿಪ್ಟಿನ ಲಕ್ಸರ್‌ನದ್ದು, 1836ರಲ್ಲಿ ನಿಲ್ಲಿಸಿದ್ದು. ಅದರ ಬುಡಕ್ಕೆ ಹೋಗುವ ಆತುರದಲ್ಲಿ ರಸ್ತೆಗೆ ಅಡ್ಡ ಓಡಬೇಡಿ, ಇಲ್ಲಿ ವಾಹನಗಳು ನಾಲ್ಕೂ ಕಡೆಯಿಂದ ಬರುತ್ತವೆ. ಸಿಗ್ನಲ್ ಇರುವ ದಾಟುಪಟ್ಟೆ ಗೇಟಿನ ಎದುರಿಗೇ ಇದೆ, ಹಸಿರು ಮನುಷ್ಯ ಕಾಣುವವರೆಗೆ ಕಾದು ದಾಟಿ.